ಗಾಜಿನ ಕಂಬದೊಳಗೆ ಓಡಾಡುವ ಬೆಳಕು: ಕೆಟ್ಟಾಗ ಎಲ್ಲಿಂದ ಹುಡುಕಬೇಕು?

ಯಂತ್ರವೊಂದು ಪದರದ ಮೇಲೆ ಪದರ ಸುರಿದು ಕಟ್ಟಿದ ಗಾಜಿನ ಕಂಬ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಚಿಕ್ಕ ದೀಪ. ಸುತ್ತಲ ಗೋಡೆಯ ಮೇಲೆ, ತಿಳಿನೀರಿನ ತಳದಲ್ಲಿ ಬಿಸಿಲು ಹೆಣೆಯುವಂಥ ಬೆಳಕಿನ ಬಲೆ. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನ ಮೀಡಿಯೇಟೆಡ್ ಮ್ಯಾಟರ್ ತಂಡ ಕರಗಿದ ಗಾಜನ್ನು ಹೀಗೆ ಸುರಿಯುವ ಯಂತ್ರವನ್ನು ತೋರಿಸಿತು. 2017ರ ಮಿಲಾನ್ ಡಿಸೈನ್ ವೀಕ್‌ನಲ್ಲಿ ಅದೇ ತಂಡ 3 ಮೀಟರ್ ಎತ್ತರದ ಕಂಬಗಳನ್ನು ನಿಲ್ಲಿಸಿ, ಒಳಗೆ ಚಲಿಸುವ ಬೆಳಕನ್ನು ಇಟ್ಟಿತು. ಈಗ ಇಂಥ ಕೃತಿ ಮಾಡುವವರು, ನೋಡಿಕೊಳ್ಳುವವರು ಬೇರೆ ಕಡೆಯೂ ಇದ್ದಾರೆ. ಈ ಬರಹ ನೋಡಿಕೊಳ್ಳುವವರಿಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏನೇ ಕೆಟ್ಟರೂ ಮೊದಲು ಗೋಡೆ ನೋಡಿ, ಆಮೇಲೆ ಯಂತ್ರ ನೋಡಿ. ಗೋಡೆ ಯಾಕೆ ಅಂದರೆ, ಸಣ್ಣ ತಪ್ಪು ಅಲ್ಲಿ ದೊಡ್ಡದಾಗಿ ಕಾಣುತ್ತದೆ. ದೀಪದಿಂದ ಗಾಜಿಗೆ 10 ಸೆಂಟಿಮೀಟರ್, ಗಾಜಿನಿಂದ ಗೋಡೆಗೆ 3 ಮೀಟರ್ ಇದೆ ಅಂದುಕೊಳ್ಳಿ. ದೀಪ ಒಂದೇ ಒಂದು ಮಿಲಿಮೀಟರ್ ಸರಿದರೂ ಗೋಡೆಯ ಮೇಲಿನ ಚಿತ್ತಾರ ಸುಮಾರು 3 ಸೆಂಟಿಮೀಟರ್ ಸರಿಯುತ್ತದೆ, ಅದೂ ಎದುರು ದಿಕ್ಕಿಗೆ. ಯಾವ ಅಳತೆ ಸಾಧನವೂ ಇಷ್ಟು ಸುಲಭವಾಗಿ ಇದನ್ನು ತೋರಿಸಿಕೊಡುವುದಿಲ್ಲ.

ಕೈಗೆ ಬೇಕಾದದ್ದು ಇಷ್ಟೇ: ಒಂದು ಟಾರ್ಚ್, ಮಾರ್ಕರ್ ಪೆನ್ನು, ಮಾಸ್ಕಿಂಗ್ ಟೇಪ್, ಮೈಕ್ರೋಫೈಬರ್ ಬಟ್ಟೆ, ಅಲೆನ್ ಕೀ ಸೆಟ್ಟು, ಮಲ್ಟಿಮೀಟರ್. ಕೃತಿ ಚೆನ್ನಾಗಿದ್ದಾಗ ತೆಗೆದ ಗೋಡೆಯ ಫೋಟೊ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಇಲ್ಲದಿದ್ದರೆ, ಸರಿ ಹೋದ ದಿನವೇ ತೆಗೆದಿಡಿ.

ಕೈ ಹಾಕುವ ಮುನ್ನ

ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಕಡೆ ಇಡಿ. ಬೇರೆ ಯಾರೋ ತಿಳಿಯದೆ ಹಾಕಿಬಿಡಬಾರದು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ದೀಪ ಹೊತ್ತ ಕ್ಯಾರೇಜ್ ಮೇಲಿದ್ದಾಗ ಕರೆಂಟ್ ತೆಗೆದರೆ ಅದು ಜಾರಿ ಕೆಳಗೆ ಬೀಳಬಹುದು. ಬ್ರೇಕ್ ಅಥವಾ ಎದುರುತೂಕ ಇಲ್ಲದಿದ್ದರೆ ಮೊದಲು ಅದನ್ನು ಕೆಳಗೆ ಇಳಿಸಿ, ಆಮೇಲೆ ಆಫ್ ಮಾಡಿ. ಗಾಜಿನ ಹತ್ತಿರ ಹೋಗುವಾಗ ಕಣ್ಣಿಗೆ ಕನ್ನಡಕ, ಕೈಗೆ ಕೊಯ್ತ ತಡೆಯುವ ಗ್ಲೌಸ್, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಒಂದು ಲೀಟರ್ ಗಾತ್ರದ ಗಾಜು ಎರಡೂವರೆ ಕೆಜಿ ತೂಗುತ್ತದೆ. ಹಾಗಾಗಿ ಕಂಬದ ತುಂಡನ್ನು ಒಬ್ಬರೇ ಎತ್ತಲು ಹೋಗಬೇಡಿ.

ಗಾಜಿನಿಂದ ಸದ್ದು ಬಂದಿದ್ದರೆ ಅಥವಾ ಹೊಸ ಗೆರೆ ಕಂಡಿದ್ದರೆ ಬೇರೆ ಏನನ್ನೂ ಓದಬೇಡಿ. ಕೃತಿಯನ್ನು ಆಫ್ ಮಾಡಿ, ಜನರನ್ನು ದೂರ ಕಳಿಸಿ, ನೇರ ಕೊನೆಯ ಭಾಗಕ್ಕೆ ಹೋಗಿ.

ಗೋಡೆಯ ಮೇಲಿನ ಬಲೆ ಮಸುಕಾಗಿದೆ

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ದೂರು ಇದು. "ಮೊದಲಿನ ಹಾಗೆ ಇಲ್ಲ" ಅನ್ನುತ್ತಾರೆ, ಏನು ಕಡಿಮೆ ಅಂತ ಹೇಳಲು ಬರುವುದಿಲ್ಲ.

ಮೊದಲು ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ ನೋಡಿ. ಪಕ್ಕದಲ್ಲಿ ಹೊಸ ಬೋರ್ಡ್ ಬಂದು ಅದರ ಬೆಳಕು ಗೋಡೆಗೆ ಬೀಳುತ್ತಿದ್ದರೆ ಬಲೆ ತನ್ನಷ್ಟಕ್ಕೆ ತಾನೇ ಮಂಕಾಗಿ ಕಾಣುತ್ತದೆ. ಇದಕ್ಕೆ ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಆಮೇಲೆ ಧೂಳು. ಪದರ ಪದರವಾಗಿ ಸುರಿದ ಗಾಜಿನ ಮೈ ನುಣುಪಾಗಿರುವುದಿಲ್ಲ, ಗೀರು ಗೀರಾಗಿ ಉಬ್ಬಿರುತ್ತದೆ. ಆ ಒಂದೊಂದು ಉಬ್ಬೂ ಒಂದೊಂದು ಮಸೂರ. ಬಲೆ ಹೆಣೆಯುವುದೇ ಅವು. ಉಬ್ಬುಗಳ ನಡುವಿನ ಸಂದಿಯಲ್ಲೇ ಧೂಳು ಕೂರುತ್ತದೆ. ಟಾರ್ಚನ್ನು ಗಾಜಿಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿ. ಧೂಳಿದ್ದರೆ ಸಂದಿಗಳು ಬೂದು ದಾರದ ಹಾಗೆ ಎದ್ದು ಕಾಣುತ್ತವೆ. ಮೊದಲು ಮೆತ್ತನೆ ಬ್ರಷ್‌ನಿಂದ ಒಣಗಿದ್ದನ್ನು ಕೊಡವಿ, ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಪದರದ ಉದ್ದಕ್ಕೂ ಒರೆಸಿ. ಅಡ್ಡಡ್ಡ ಉಜ್ಜಿದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ದೀಪ ಉರಿದು ಬಿಸಿಯಾಗಿರುವ ಗಾಜಿಗೆ ತಣ್ಣನೆ ನೀರು ತಾಗಿಸಬೇಡಿ. ಸಾಮಾನ್ಯ ಗಾಜು ಒಂದು ಕಡೆ ಬಿಸಿ, ಪಕ್ಕದಲ್ಲೇ ತಣ್ಣಗಿದ್ದರೆ ಸುಮಾರು 40 ಡಿಗ್ರಿ ವ್ಯತ್ಯಾಸಕ್ಕೇ ಸೀಳಬಹುದು. ಒಳಗೆ ಮೊದಲೇ ಬಿಗಿತ ಉಳಿದಿರುವ ಗಾಜಾದರೆ ಅದಕ್ಕಿಂತ ಕಡಿಮೆಯೂ ಸಾಕು.

ಹೊರಗೆ ಒರೆಸಿದ ಮೇಲೂ ಮಸುಕು ಹೋಗಲಿಲ್ಲ ಅಂದರೆ ಒಳಮೈ ನೋಡಿ. ಒಳಗೆ ತೆಳ್ಳನೆಯ ಜಿಡ್ಡಿನ ಪೊರೆ ಕೂತಿರಬಹುದು. ಕ್ಯಾರೇಜ್ ಜಾರುವ ಕಂಬಿಗೆ, ಅಂದರೆ ರೈಲಿಗೆ, ಬಳಿದ ಗ್ರೀಸು ದೀಪದ ಶಾಖಕ್ಕೆ ಆವಿಯಾಗಿ ಗಾಜಿಗೆ ಅಂಟುತ್ತದೆ. ಇದು ಧೂಳಿನಂತೆ ಬೂದಾಗಿ ಕಾಣದು. ಓರೆ ಬೆಳಕಿನಲ್ಲಿ ಕಾಮನಬಿಲ್ಲಿನ ಬಣ್ಣ ಮಿಂಚಿ ಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಗೆ ಹೋಗುತ್ತದೆ. ಆದರೆ ಎಲ್ಲ ಆಫ್ ಮಾಡಿ, ಗಾಳಿ ಆಡಲು ಬಿಟ್ಟು ಮಾಡಬೇಕು, ಅದರ ಆವಿಗೆ ಬೆಂಕಿ ಹತ್ತುತ್ತದೆ. ರೈಲಿಗೆ ಗ್ರೀಸು ಕಡಿಮೆ ಹಾಕಿ. ಹೆಚ್ಚು ಹಾಕಿದರೆ ಒಳ್ಳೆಯದು ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಗಾಜು ಎರಡೂ ಕಡೆ ಸ್ವಚ್ಛವಾಗಿದೆ, ಬಲೆ ಮಾತ್ರ ಮೊಂಡು. ಆಗ ದೀಪವನ್ನೇ ನೋಡಿ. ಬಲೆಯ ಗೆರೆಗಳು ಚೂಪಾಗಿ ಬೀಳಬೇಕಾದರೆ ಬೆಳಕು ಹೊರಡುವ ಜಾಗ ಚಿಕ್ಕದಿರಬೇಕು. ಯಾರಾದರೂ ಎಲ್‌ಇಡಿ ಬದಲಿಸಿ ದೊಡ್ಡ ಮುಖದ್ದು ಹಾಕಿದ್ದಾರಾ? ಮೇಲೆ ಹಾಲುಬಣ್ಣದ ಮುಚ್ಚಳ ಇಟ್ಟಿದ್ದಾರಾ? ವ್ಯಾಟ್ ಎಷ್ಟು ಜಾಸ್ತಿ ಇದ್ದರೂ ಅಗಲವಾದ ದೀಪ ಚೂಪು ಬಲೆ ಹೆಣೆಯಲಾರದು. ಬಲೆಯ ಒಂದು ಬದಿ ಚೂಪು, ಇನ್ನೊಂದು ಬದಿ ಮಸುಕು ಅಂದರೆ ದೀಪ ನಡುವಿನಿಂದ ಒಂದು ಕಡೆಗೆ ವಾಲಿದೆ ಅಂತ ಅರ್ಥ. ಕ್ಯಾರೇಜ್‌ನ ಬೋಲ್ಟು ಸಡಿಲವಾಗಿದೆಯಾ ನೋಡಿ.

ಬಲೆಯ ಅಂಚಿನಲ್ಲಿ ಕೆಂಪು ನೀಲಿ ಬಣ್ಣದ ಎಳೆ ಕಾಣುವುದು ದೋಷವಲ್ಲ. ಗಾಜು ಬಣ್ಣಕ್ಕೊಂದು ಕೋನದಲ್ಲಿ ಬೆಳಕನ್ನು ಬಾಗಿಸುತ್ತದೆ, ಅಷ್ಟೇ. ಅದನ್ನು ಸರಿಮಾಡಲು ಹೋಗಬೇಡಿ. ನನ್ನ ಕಣ್ಣಿಗೆ ಈ ಕೃತಿಗಳಲ್ಲಿ ಅತಿ ಚೆಂದದ ಜಾಗವೇ ಅದು.

ಬಲೆ ನಡುಗುತ್ತಿದೆ, ಹರಿಯುವ ಬದಲು ಎಡವುತ್ತಿದೆ

ಕ್ಯಾರೇಜ್ ನಿಂತಾಗ ಬಲೆ ನಿಶ್ಚಲ, ಓಡುವಾಗ ನಡುಕ. ಇದು ಓಟದ ಸಮಸ್ಯೆ. ನಿಂತಾಗಲೂ ನಡುಗಿದರೆ ಹೊರಗಿನಿಂದ ಬರುವ ಅದುರು: ಫ್ಯಾನ್, ಎಸಿ, ನೆಲದ ಮೇಲಿನ ಓಡಾಟ. ಮೊದಲು ಇವೆರಡನ್ನು ಬೇರೆ ಮಾಡಿಕೊಳ್ಳಿ.

ಓಟದ ಸಮಸ್ಯೆಯಾದರೆ ಮೊದಲು ವೇಗ ಬದಲಿಸಿ. ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್‌ಗಳಿಗೆ ಕೆಲವು ವೇಗಗಳಲ್ಲಿ ತಾನಾಗೇ ಗುಂಯ್ ಅನ್ನುವ ಗುಣವಿದೆ. ವೇಗ ಸ್ವಲ್ಪ ಏರಿಸಿದರೆ ಅಥವಾ ಇಳಿಸಿದರೆ ನಡುಕ ಮಾಯವಾಗುತ್ತದೆ ಅಂದರೆ ಅದೇ ಕಾರಣ. ಎಲ್ಲ ವೇಗದಲ್ಲೂ ನಡುಗಿದರೆ ಕರೆಂಟ್ ತೆಗೆದು ಕ್ಯಾರೇಜನ್ನು ಕೈಯಿಂದ, ತುಂಬಾ ನಿಧಾನವಾಗಿ ಸರಿಸಿ. ಜೋರಾಗಿ ತಳ್ಳಿದರೆ ಮೋಟರ್ ಜನರೇಟರ್‌ನಂತೆ ಕೆಲಸ ಮಾಡಿ, ಅದನ್ನು ನಡೆಸುವ ಸರ್ಕ್ಯೂಟಾದ ಡ್ರೈವರನ್ನು ಸುಡಬಹುದು. ಎಲ್ಲಾದರೂ ಒಂದು ಕಡೆ ತಡೆದು ಹೋದಂತೆ ಅನಿಸಿದರೆ ಅಲ್ಲಿ ರೈಲು ಒರೆಸಿ ನೋಡಿ. ಬೆಲ್ಟ್ ಜೋತುಬಿದ್ದಿದ್ದರೆ ಬಿಗಿ ಮಾಡಿ, ಆದರೆ ವೀಣೆ ತಂತಿಯಷ್ಟು ಬೇಡ. ಬೇರಿಂಗ್ ಸವೆದುಹೋಗುತ್ತದೆ.

ಬೆಳಕು ದಿನೇ ದಿನೇ ಜರುಗುತ್ತಿದೆ

ಒಮ್ಮೆ ನಾನು ನೋಡಿಕೊಳ್ಳುತ್ತಿದ್ದ ಕಂಬವೊಂದರಲ್ಲಿ ಬಲೆಯ ಮೇಲಿನ ಅಂಚು ಸಂಜೆಯಿಂದ ಸಂಜೆಗೆ ಒಂದೊಂದು ಬೆರಳಿನಷ್ಟು ಮೇಲೇರುತ್ತಿತ್ತು. ಪ್ರೋಗ್ರಾಮ್ ತಪ್ಪಿರಬೇಕು ಅಂತ ಎಲ್ಲರೂ ಅದನ್ನೇ ತಿದ್ದುತ್ತಿದ್ದೆವು. ಕೊನೆಗೆ ಮಾರ್ಕರ್‌ನಿಂದ ಮೋಟರಿನ ದಂಡ ಮತ್ತು ಅದರ ಮೇಲಿನ ಹಲ್ಲುಚಕ್ರ ಎರಡಕ್ಕೂ ಸೇರುವಂತೆ ಒಂದೇ ಗೆರೆ ಎಳೆದೆ. ಮರುದಿನ ಸಂಜೆ ಟಾರ್ಚ್ ಹಿಡಿದು ನೋಡಿದರೆ ಗೆರೆ ನಡುವೆ ಮುರಿದಿತ್ತು. ಕೂದಲೆಳೆಗಿಂತ ಸ್ವಲ್ಪ ದಪ್ಪದಷ್ಟು ವ್ಯತ್ಯಾಸ. ಹಲ್ಲುಚಕ್ರವನ್ನು ದಂಡಕ್ಕೆ ಹಿಡಿದಿಡುವ ಚಿಕ್ಕ ಸ್ಕ್ರೂ ಸಡಿಲವಾಗಿ, ಪ್ರತಿ ಸಲ ಮೇಲೇರುವಾಗ ಭಾರಕ್ಕೆ ಒಂಚೂರು ಜಾರುತ್ತಿತ್ತು. ಅಲೆನ್ ಕೀಯ ಕಾಲು ಸುತ್ತು ಸಾಕಾಯಿತು.

ಅದಕ್ಕೇ ಹೇಳುತ್ತೇನೆ, ಪ್ರೋಗ್ರಾಮ್ ಮುಟ್ಟುವ ಮುನ್ನ ಆ ಗೆರೆ ಎಳೆಯಿರಿ. ಗೆರೆ ಮುರಿದರೆ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ದಂಡದ ಚಪ್ಪಟೆ ಮುಖಕ್ಕೇ ಕೂರಬೇಕು.

ಗೆರೆ ನೆಟ್ಟಗೇ ಇದೆ, ಆದರೂ ಜರುಗುತ್ತಿದೆ ಅಂದರೆ ಮೋಟರ್ ಹೆಜ್ಜೆ ತಪ್ಪಿಸುತ್ತಿದೆ. ಎಲ್ಲೋ ಸಿಕ್ಕಿಕೊಂಡು ಟರ್ ಅನ್ನುವ ಸದ್ದು ಬಂತಾ, ಕಿವಿಗೊಡಿ. ವೇಗ ಏರುವ ಘಳಿಗೆಯಲ್ಲೇ ತಪ್ಪಿದರೆ ವೇಗವನ್ನು ಇನ್ನೂ ನಿಧಾನವಾಗಿ ಏರಿಸುವಂತೆ ಮಾಡಿ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ತಪ್ಪಿದರೆ ಡ್ರೈವರ್ ಕಾದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ. ಗಾಳಿ ಬೇಕು, ಕರೆಂಟ್ ಮಿತಿ ಸರಿಯಿಡಬೇಕು.

ಜರುಗುವಿಕೆಗೆ ಲೆಕ್ಕವೇ ಇಲ್ಲ, ಇವತ್ತು ಮೇಲೆ ನಾಳೆ ಕೆಳಗೆ ಅಂದರೆ ಲಿಮಿಟ್ ಸ್ವಿಚ್ ನೋಡಿ. ಕ್ಯಾರೇಜ್ ತನ್ನ ಮನೆ ಎಲ್ಲಿದೆ ಅಂತ ತಿಳಿದುಕೊಳ್ಳುವುದು ಅದರಿಂದಲೇ. ಧೂಳು ಹೊಕ್ಕಿರಬಹುದು, ಅದರ ವೈರು ಮೋಟರ್ ವೈರಿನ ಜೊತೆ ಒಟ್ಟಿಗೆ ಕಟ್ಟಿ ಅದರ ವಿದ್ಯುತ್ ಗದ್ದಲ ಹಿಡಿಯುತ್ತಿರಬಹುದು.

ಇನ್ನೊಂದು ಬಗೆ ಇದೆ. ಡ್ರೈವರ್ ಬದಲಿಸಿದ ದಿನವೇ ಕ್ಯಾರೇಜ್ ಎರಡರಷ್ಟು ದೂರ ಹೋಗಿ ಡಿಕ್ಕಿ ಹೊಡೆಯುತ್ತದೆ. ಒಂದು ಸುತ್ತಿಗೆ 200 ಹೆಜ್ಜೆಯ ಮೋಟರ್, 16ನೇ ಒಂದು ಭಾಗದ ಸೂಕ್ಷ್ಮ ಹೆಜ್ಜೆ, 2 ಮಿಲಿಮೀಟರ್ ಅಂತರದ 20 ಹಲ್ಲಿನ ಚಕ್ರ ಇದ್ದರೆ ಒಂದು ಮಿಲಿಮೀಟರಿಗೆ 80 ಸೂಕ್ಷ್ಮ ಹೆಜ್ಜೆ ಆಗುತ್ತದೆ. ಹೊಸ ಡ್ರೈವರ್ 8ನೇ ಒಂದು ಭಾಗಕ್ಕೆ ಹೊಂದಿಸಿದ್ದರೆ ಅದೇ 80 ಹೆಜ್ಜೆಗೆ 2 ಮಿಲಿಮೀಟರ್ ಓಡುತ್ತದೆ. ಗಾಜಿನೊಳಗೆ ಈ ತಪ್ಪಿಗೆ ಬೆಲೆ ದೊಡ್ಡದು. ಡ್ರೈವರ್ ಬದಲಿಸಿದಾಗ ಬೆಲ್ಟ್ ಬಿಚ್ಚಿಟ್ಟೇ ಮೊದಲ ಸಲ ಓಡಿಸಿ. ಕರೆಂಟ್ ಇರುವಾಗ ಮೋಟರಿನ ವೈರು ಕೀಳಬೇಡಿ, ಡ್ರೈವರ್ ಅಲ್ಲೇ ಸುಟ್ಟು ಹೋಗಬಹುದು.

ದೀಪ ಮಿಣುಕುತ್ತಿದೆ

ಮೊದಲ ಪ್ರಶ್ನೆ: ಕಣ್ಣಿಗೆ ಮಿಣುಕುತ್ತದೋ, ಫೋನ್ ಕ್ಯಾಮೆರಾಗೆ ಮಾತ್ರವೋ? ಕ್ಯಾಮೆರಾಗೆ ಮಾತ್ರ ಪಟ್ಟೆ ಪಟ್ಟೆ ಕಂಡರೆ ಏನೂ ಕೆಟ್ಟಿಲ್ಲ. ಎಲ್‌ಇಡಿಯ ಬೆಳಕು ಕಡಿಮೆ ಮಾಡಲು ಅದನ್ನು ಬೇಗ ಬೇಗ ಆರಿಸಿ ಹತ್ತಿಸುತ್ತಾರೆ, ಅದು ಕ್ಯಾಮೆರಾಗೆ ಸಿಕ್ಕಿಬೀಳುತ್ತದೆ. ನಿಯಂತ್ರಕದಲ್ಲಿ ಆ ವೇಗ ಏರಿಸುವ ಆಯ್ಕೆ ಇದ್ದರೆ ಏರಿಸಿ.

ಕಣ್ಣಿಗೇ ಕಾಣುವಂತೆ, ಸೆಕೆಂಡಿಗೆ 3ಕ್ಕಿಂತ ಜಾಸ್ತಿ ಸಲ ಜೋರಾಗಿ ಮಿಂಚುತ್ತಿದ್ದರೆ ತಕ್ಷಣ ಆಫ್ ಮಾಡಿ. ಬೆಳಕಿನ ಮಿಂಚಿಗೆ ಮೂರ್ಛೆ ಬರುವವರು ನೋಡುಗರ ನಡುವೆ ಇರಬಹುದು. ದುರಸ್ತಿ ಜನ ಹೋದ ಮೇಲೆ ಮಾಡಿ.

ಈಗ ಒಂದು ಚಿಕ್ಕ ಪರೀಕ್ಷೆ. ಗೋಡೆ ಪಕ್ಕ ಮಾಸ್ಕಿಂಗ್ ಟೇಪ್ ಮೇಲೆ ಅಳತೆ ಬರೆದು ಅಂಟಿಸಿ. ಮಿಣುಕಿದಾಗಲೆಲ್ಲ ಕ್ಯಾರೇಜ್ ಯಾವ ಎತ್ತರದಲ್ಲಿತ್ತು, ಗಂಟೆ ಎಷ್ಟಾಗಿತ್ತು, ಎರಡನ್ನೂ ಬರೆಯಿರಿ. ಹತ್ತು ಸಲ ಬರೆದರೆ ಸಾಕು, ಉತ್ತರ ತಾನಾಗಿ ಕಾಣುತ್ತದೆ.

ಯಾವಾಗಲೂ ಒಂದೇ ಎತ್ತರದಲ್ಲಿ ಮಿಣುಕಿದರೆ ವೈರು ಒಳಗೆ ತುಂಡಾಗಿದೆ. ಕ್ಯಾರೇಜ್ ಜೊತೆ ದಿನಕ್ಕೆ ನೂರಾರು ಸಲ ಬಾಗುವ ವೈರಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ, ನೋಡಿದರೆ ಏನೂ ಗೊತ್ತಾಗದು. ಕರೆಂಟ್ ತೆಗೆದು, ಮಲ್ಟಿಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಎರಡು ತುದಿಗೆ ಹಿಡಿದು, ವೈರನ್ನು ಬೆರಳಿನಿಂದ ಇಂಚಿಂಚಾಗಿ ಬಾಗಿಸುತ್ತಾ ಹೋಗಿ. ಸದ್ದು ಕಡಿದ ಜಾಗವೇ ಮುರಿದ ಜಾಗ. ಟೇಪ್ ಸುತ್ತಿ ಬಿಡಬೇಡಿ. ಪೂರ್ತಿ ವೈರು ಬದಲಿಸಿ, ಬಾಗಲೆಂದೇ ಮಾಡಿದ ಸಣ್ಣ ಎಳೆಗಳ ಕೇಬಲ್ ಹಾಕಿ. ಬಾಗುವ ಸುತ್ತು ಎಷ್ಟು ಅಗಲವೋ ಅಷ್ಟು ಬಾಳಿಕೆ. ಮಿಣುಕುವ ದೀಪಗಳಲ್ಲಿ ನನಗೆ ಹೆಚ್ಚು ಸಲ ಸಿಕ್ಕಿದ್ದು ಇದೇ.

ಎತ್ತರಕ್ಕೆ ಸಂಬಂಧವಿಲ್ಲ, ಹೊತ್ತಿಗೆ ಸಂಬಂಧವಿದೆ ಅಂದರೆ ಶಾಖ. ಹಾಕಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಶುರುವಾಗಿ, ಆರಿಸಿ ತಣ್ಣಗಾದ ಮೇಲೆ ಸರಿಹೋಗುತ್ತದೆ. ಎಲ್‌ಇಡಿ ಹಿಂದಿನ ಶಾಖ ಹೀರುವ ಲೋಹ ಸಡಿಲವಾಗಿದೆಯಾ, ನಡುವಿನ ಪೇಸ್ಟ್ ಒಣಗಿದೆಯಾ ನೋಡಿ.

ಪೂರ್ತಿ ಬೆಳಕಿಗೆ ಹೋದಾಗ ಮಾತ್ರ ಮಿಣುಕಿದರೆ ವೋಲ್ಟೇಜ್ ಕುಸಿಯುತ್ತಿದೆ. ಪವರ್ ಸಪ್ಲೈ ಹತ್ತಿರ ಅಳೆದರೆ ಸರಿಯಾಗೇ ಇರುತ್ತದೆ, ಮೋಸ ಹೋಗಬೇಡಿ. ದೀಪ ಉರಿಯುತ್ತಿರುವಾಗ ದೀಪದ ತುದಿಯಲ್ಲಿ ಅಳೆಯಬೇಕು. ಎರಡರ ನಡುವೆ ದೊಡ್ಡ ವ್ಯತ್ಯಾಸ ಇದ್ದರೆ ವೈರು ಸಣ್ಣದಾಗಿದೆ ಅಥವಾ ಕನೆಕ್ಟರ್ ಸುಟ್ಟಿದೆ. ಕಂದುಬಣ್ಣಕ್ಕೆ ತಿರುಗಿದ ಕನೆಕ್ಟರ್ ಕಂಡರೆ ಅವತ್ತೇ ಬದಲಿಸಿ, ಬೆಂಕಿ ಹುಟ್ಟುವುದು ಅಲ್ಲೇ.

ಹಲವು ಕಂಬಗಳು ಒಟ್ಟಿಗೆ, ಲೆಕ್ಕ ತಪ್ಪಿದಂತೆ ಮಿಂಚುತ್ತಿದ್ದರೆ ಸಿಗ್ನಲ್ ನೋಡಿ. ದೀಪಗಳಿಗೆ ಆದೇಶ ಕಳಿಸುವ ಡಿಎಂಎಕ್ಸ್ ಲೈನ್ ಆದರೆ ಸರಪಳಿಯ ಕೊನೆಯಲ್ಲಿ, ಸಿಗ್ನಲ್ ತಿರುಗಿ ಬಾರದಂತೆ ತಡೆಯುವ 120 ಓಮ್‌ನ ಟರ್ಮಿನೇಟರ್ ಇರಬೇಕು. ಮೈಕ್ ಕೇಬಲ್ ಹಾಕಿದ್ದರೆ ತೆಗೆದುಬಿಡಿ. ಒಂದು ಲೈನಿನಲ್ಲಿ 32ಕ್ಕಿಂತ ಹೆಚ್ಚು ಯೂನಿಟ್ ಬೇಡ.

ಏನೂ ಹತ್ತುತ್ತಿಲ್ಲ

ಪ್ಲಗ್, ಸ್ವಿಚ್, ಎಂಸಿಬಿ, ಎಮರ್ಜೆನ್ಸಿ ಬಟನ್, ಟೈಮರ್. ಈ ಸಾಲಿನಲ್ಲೇ ನೋಡಿ. ಸ್ವಚ್ಛ ಮಾಡುವವರ ಕೈ ತಾಗಿ ಎಮರ್ಜೆನ್ಸಿ ಬಟನ್ ಒತ್ತಿಹೋಗಿರುವುದು ಸಾಮಾನ್ಯ. ಫ್ಯೂಸ್ ಹೋಗಿದ್ದರೆ ಅದೇ ಅಳತೆಯದ್ದು ಒಂದು ಸಲ ಹಾಕಿ. ಮತ್ತೆ ಹೋದರೆ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ.

ಗಾಜಿನಲ್ಲಿ ಗೆರೆ ಕಂಡಿದೆ, ಸದ್ದು ಬಂದಿದೆ

ಎಲ್ಲ ಗೆರೆಯೂ ಬಿರುಕಲ್ಲ. ಪದರದ ಗೆರೆ ಅಡ್ಡವಾಗಿ, ಸುತ್ತಲೂ ಒಂದೇ ತೆರನಾಗಿ ಓಡುತ್ತದೆ. ಗುಳ್ಳೆಗಳು ಗಾಜು ಸುರಿದಾಗಲೇ ಸಿಕ್ಕಿಕೊಂಡವು. ಬಿರುಕು ಪದರಗಳನ್ನು ದಾಟಿ ಹೋಗುತ್ತದೆ. ಟಾರ್ಚನ್ನು ನಿಧಾನ ತಿರುಗಿಸಿದರೆ ಒಂದು ಕೋನದಲ್ಲಿ ಬಿರುಕು ಕನ್ನಡಿ ಚೂರಿನಂತೆ ಫಳಕ್ಕನೆ ಹೊಳೆದು, ಇನ್ನೊಂದು ಕೋನದಲ್ಲಿ ಕಾಣದಂತೆ ಹೋಗುತ್ತದೆ. ಉಗುರಿನಿಂದ ಮುಟ್ಟಿ ನೋಡಬೇಡಿ, ಕೈ ಕೊಯ್ಯುತ್ತದೆ.

ಬಿರುಕು ಹೌದು ಅನಿಸಿದರೆ ಇಲ್ಲಿಗೇ ನಿಲ್ಲಿ. ಕೃತಿ ಆಫ್. ಕಂಬದ ಎತ್ತರಕ್ಕಿಂತ ದೂರಕ್ಕೆ ಹಗ್ಗ ಕಟ್ಟಿ ಜನರನ್ನು ತಡೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಕಾಣುವಂತೆ ದೂರದಿಂದ ಫೋಟೊ ತೆಗೆಯಿರಿ, ಕೆಲವು ಗಂಟೆ ಬಿಟ್ಟು ಅದೇ ಜಾಗದಿಂದ ಇನ್ನೊಂದು. ಬಿರುಕು ಮೊದಲಿಗಿಂತ ಉದ್ದವಾಗಿದ್ದರೆ ಒತ್ತಡ ಇನ್ನೂ ಅಲ್ಲಿದೆ. ಆಗಿಲ್ಲ ಅಂದರೂ ನಿಶ್ಚಿಂತೆ ಬೇಡ, ಗಾಜಿನ ಬಿರುಕು ದಿನಗಟ್ಟಲೆ ಸುಮ್ನೆ ಇದ್ದು ಆಮೇಲೆ ಓಡುವುದುಂಟು. ಒರೆಸಲು ಹೋಗಬೇಡಿ. ತೇವ ತಾಗಿದರೆ ಬಿರುಕಿನ ತುದಿ ಇನ್ನೂ ಬೇಗ ಬೆಳೆಯುತ್ತದೆ. ಅಂಟು ಹಾಕಬೇಡಿ. ಮಾಡಿದವರನ್ನೂ ಗಾಜಿನ ಕಟ್ಟಡ ಬಲ್ಲ ಎಂಜಿನಿಯರನ್ನೂ ಕರೆಸುವವರೆಗೆ ಅದು ಹಾಗೇ ಇರಲಿ.

ಸದ್ದಿನ ವಿಷಯಕ್ಕೆ ಬಂದರೆ, ಹಾಕಿದ ಸ್ವಲ್ಪ ಹೊತ್ತಿಗೆ ಮತ್ತು ಆರಿಸಿದ ಮೇಲೆ, ದಿನಾ ಕೇಳುವ ಸಣ್ಣ ಟಿಕ್ ಟಿಕ್ ಹೆಚ್ಚಾಗಿ ಲೋಹದ್ದು. 3 ಮೀಟರ್ ಎತ್ತರದಲ್ಲಿ 20 ಡಿಗ್ರಿ ಬಿಸಿಯೇರಿದರೆ ಅಲ್ಯುಮಿನಿಯಂ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ, ಸೋಡಾ-ಲೈಮ್ ಅನ್ನುವ ಸಾಮಾನ್ಯ ಗಾಜು ಅರ್ಧ ಮಿಲಿಮೀಟರ್ ಮಾತ್ರ. ಆ ವ್ಯತ್ಯಾಸ ಎಲ್ಲಾದರೂ ಜಾರಿ ಹೋಗಲೇಬೇಕಲ್ವಾ? ಗಾಜು ಮತ್ತು ಲೋಹದ ನಡುವಿನ ರಬ್ಬರ್ ಪಟ್ಟಿ ಹಾಗೇ ಇದೆಯಾ, ಎಲ್ಲೂ ಲೋಹ ನೇರ ಗಾಜಿಗೆ ತಾಗುತ್ತಿಲ್ಲ ತಾನೇ, ಟಾರ್ಚ್ ಹಿಡಿದು ಕಣ್ಣಿನಲ್ಲೇ ನೋಡಿ. ಪಟ್ಟಿ ಕಿತ್ತುಬಂದಿದ್ದರೆ ಓಡಿಸಬೇಡಿ. ಒಂದೇ ಸಲ ಚೂಪಾಗಿ ಟಣ್ ಅಂದರೆ ಲೋಹವೋ ಗಾಜೋ ಅಂತ ಯೋಚಿಸಬೇಡಿ, ಗಾಜೇ ಅಂದುಕೊಂಡು ಮೇಲೆ ಹೇಳಿದ್ದನ್ನು ಮಾಡಿ.

ಕಾರಣವಿಲ್ಲದೆ ಬಿರುಕು ಬಂದಿದೆ ಅನಿಸಿದಾಗ ಒಳಬಿಗಿತದ ಅನುಮಾನ ಬರುತ್ತದೆ. ಸುರಿಯುವಾಗ 1,000 ಡಿಗ್ರಿ ಆಸುಪಾಸಿನಲ್ಲಿದ್ದ ಗಾಜನ್ನು ಸುಮಾರು 500 ಡಿಗ್ರಿಯ ಹತ್ತಿರ ತಡೆದು, ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಹೊರಮೈ ಮತ್ತು ಒಳಮೈ ಬೇರೆ ಬೇರೆ ಹೊತ್ತಿಗೆ ಗಟ್ಟಿಯಾಗಿ ಒಂದನ್ನೊಂದು ಎಳೆಯುತ್ತಾ ಉಳಿಯುತ್ತವೆ. ಇದನ್ನು ನೋಡುವ ಅಗ್ಗದ ದಾರಿ ಇದೆ. ಜೊತೆಗೆ ಕೊಟ್ಟ, ಬಿರುಕಿಲ್ಲದ ಬಿಡಿ ತುಂಡೊಂದನ್ನು ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಕ್ಯಾಮೆರಾದ ಪೋಲರೈಸಿಂಗ್ ಫಿಲ್ಟರ್ ಮೂಲಕ ನೋಡುತ್ತಾ, ಪರದೆ ಕಪ್ಪಾಗುವವರೆಗೆ ಫಿಲ್ಟರ್ ತಿರುಗಿಸಿ. ಈಗ ಗಾಜನ್ನು ನಡುವೆ ಹಿಡಿಯಿರಿ. ಕಪ್ಪಾಗೇ ಉಳಿದರೆ ಚೆನ್ನಾಗಿ ಆರಿದ ಗಾಜು. ಬೆಳ್ಳಗೆ ಮೋಡದಂಥ ಕಲೆ, ಅದರಲ್ಲೂ ಬಣ್ಣದ ಪಟ್ಟೆ ಎದ್ದರೆ ಒಳಗೆ ಬಿಗಿತ ಉಳಿದಿದೆ. ಅದೇ ಸರದಿಯಲ್ಲಿ ತಯಾರಾದ ಕಂಬಗಳನ್ನೆಲ್ಲ ತಜ್ಞರು ನೋಡಿ ಹೇಳುವವರೆಗೆ ಹತ್ತಿಸಬೇಡಿ. ಫಿಲ್ಟರ್ ಮೂಲಕ ಕಂಡದ್ದನ್ನು ಫೋಟೊ ತೆಗೆದು, ತುಂಡಿನ ಮೇಲೆ ಟೇಪ್ ಅಂಟಿಸಿ ತಾರೀಖು ಬರೆದು, ಅವರು ಬಂದಾಗ ಎರಡನ್ನೂ ಒಟ್ಟಿಗೆ ಕೊಡಿ.